ನನ್ನ ‘ಕುಷಿ’ ಶಾಹಿದಾ ಮಿಸ್ ಪಾಲಾದದ್ದು

ಇವತ್ತಿಗೂ ನನಗೆ ಮೊದಲು ಕೇಳಿಸುವುದು ನಗು. ನಲವತ್ತು ಹುಡುಗಿಯರು ತಡೆದು ತಡೆದು ಕೊನೆಗೆ ಆಗದೆ ಒಟ್ಟಿಗೆ ಭಗ್ಗನೆ ನಗುತ್ತಾರಲ್ಲ, ಆ ಸದ್ದು. ಅದು ನನ್ನ ಕ್ಲಾಸಿನದಲ್ಲ, ಪಕ್ಕದ ಕ್ಲಾಸಿನದು. ತಿಪಟೂರಿನ ನಮ್ಮ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಒಂಬತ್ತನೇ ಕ್ಲಾಸಿನ ಎ ಸೆಕ್ಷನ್ನಿಗೂ ಬಿ ಸೆಕ್ಷನ್ನಿಗೂ ನಡುವೆ ಗೋಡೆ ಇರಲಿಲ್ಲ. ಒಂದು ಉದ್ದನೆಯ ಹಾಲಿಗೆ ನಡುವೆ ಹಲಗೆ ನಿಲ್ಲಿಸಿ ಎರಡು ಮಾಡಿದ್ದರು. ಹಲಗೆ ಸೂರಿನವರೆಗೆ ಮುಟ್ಟುತ್ತಿರಲಿಲ್ಲ. ಎ ಸೆಕ್ಷನ್ನಿನಲ್ಲಿ ನಾನು, ಬಿ ಸೆಕ್ಷನ್ನಿನಲ್ಲಿ ಶಾಹಿದಾ. ಇಬ್ಬರದೂ ಇಂಗ್ಲಿಷ್. ಒಂದೇ ಪೀರಿಯಡ್, ಒಂದೇ ಪಾಠ. ನಾನು ಬೋರ್ಡಿನ ಮೇಲೆ ಪ್ಯಾಸಿವ್ ವಾಯ್ಸ್ ಬರೆಯುತ್ತಿರುವಾಗ ಆ ನಗು ಹಲಗೆಯ ಮೇಲಿಂದ ಹಾರಿ ಬರುತ್ತಿತ್ತು. ನನ್ನ ಹುಡುಗಿಯರು ತಲೆ ಎತ್ತುತ್ತಿರಲಿಲ್ಲ, ಅಷ್ಟು ಡಿಸಿಪ್ಲಿನ್ ನನ್ನದು. ಆದರೆ ಅವರ ಕಿವಿ ಎಲ್ಲಿದೆ ಎಂದು ಬೆನ್ನು ತಿರುಗಿಸಿ ನಿಂತ ನನಗೂ ಗೊತ್ತಾಗುತ್ತಿತ್ತು.

ಹೊಸದಾಗಿ ಟೀಚರ್ ಕೆಲಸಕ್ಕೆ ಸೇರುವ ಹುಡುಗಿಯರು ಈಗಲೂ ಒಬ್ಬರಲ್ಲ ಒಬ್ಬರು ಮನೆಗೆ ಬಂದು, ‘ಏನಾದರೂ ಟಿಪ್ಸ್ ಕೊಡಿ ಮೇಡಂ’ ಅನ್ನುತ್ತಾರೆ. ಲೆಸನ್ ಪ್ಲ್ಯಾನ್ ಬರೆಯುವುದು, ಗಲಾಟೆ ಕ್ಲಾಸನ್ನು ಹಿಡಿತಕ್ಕೆ ತರುವುದು, ಇವನ್ನೆಲ್ಲ ಬಿ.ಎಡ್.ನಲ್ಲಿ ಹೇಳಿಕೊಡುತ್ತಾರೆ. ಪಕ್ಕದ ಕ್ಲಾಸಿನ ನಗು ಕೇಳಿಸಿದಾಗ ಸೀಮೆಸುಣ್ಣ ಹಿಡಿದ ಕೈಯನ್ನು ಏನು ಮಾಡಬೇಕು ಅಂತ ಯಾವ ಕಾಲೇಜಿನಲ್ಲೂ ಹೇಳಿಕೊಡುವುದಿಲ್ಲ. ನಾನು ಬರೆಯಬಲ್ಲದ್ದು ಅದನ್ನೇ. ಆಮೇಲೆ ನನಗೆ ಸಿಕ್ಕ ಬಡ್ತಿ, ಶಾಲು, ಹಾರ, ಅದೆಲ್ಲ ಬೇಡ. ಅದು ಎಲ್ಲರಿಗೂ ಸಿಗುತ್ತೆ.

ನಾನು ಓದಿದ್ದು ಬೆಂಗಳೂರಿನ ಕಾನ್ವೆಂಟಿನಲ್ಲಿ. ಮದುವೆಯಾಗಿ ಬಂದದ್ದು ಹೊನ್ನವಳ್ಳಿಯ ತೆಂಗಿನ ತೋಟದ ಮನೆಗೆ. ಯಜಮಾನರು ತೋಟ ನೋಡಿಕೊಳ್ಳುತ್ತಿದ್ದರು, ನಾನು ಬೆಳಿಗ್ಗೆ ಬಸ್ಸಿಗೆ ತಿಪಟೂರಿಗೆ ಹೋಗಿ ಸಂಜೆ ಬಸ್ಸಿಗೆ ವಾಪಸ್. ಕೆಲಸಕ್ಕೆ ಸೇರಿದ ದಿನವೇ ನನ್ನ ಕ್ಲಾಸಿನಲ್ಲಿ ಒಂದು ರೂಲು ಮಾಡಿದೆ: ಒಂದು ಮಾತು ಕನ್ನಡ ಕೂಡದು. ಕಾನ್ವೆಂಟಿನ ಸಿಸ್ಟರುಗಳು ನನಗೆ ಕಲಿಸಿದ್ದು ಹಾಗೆ. ಬಿದಿರೆಗುಡಿ ಕಡೆಯ ಒಂದು ಹುಡುಗಿ ‘ಮೇ ಐ ಕಮ್ ಇನ್ ಮೇಡಂ’ ಅನ್ನುವುದೊಂದನ್ನು ಬಾಯಿಪಾಠ ಮಾಡಿಕೊಂಡು ವರ್ಷಪೂರ್ತಿ ಕಳೆದಳು. ಒಳಗೆ ಬರುವಾಗಲೂ ಅದೇ, ಹೊರಗೆ ಹೋಗುವಾಗಲೂ ಅದೇ. ಒಂದು ದಿನ ಜ್ವರ ಬಂದು ತಲೆ ಸುತ್ತಿ ಬೆಂಚಿನಿಂದ ಜಾರುವಾಗಲೂ ‘ಮೇ ಐ ಕಮ್ ಇನ್ ಮೇಡಂ’ ಅಂತಲೇ ಬಿದ್ದಳು. ಸ್ಟಾಫ್ ರೂಮಿನಲ್ಲಿ ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ರೂಲು ಸಡಿಲಿಸಲಿಲ್ಲ. ತಿಪಟೂರಿನಲ್ಲಿ ಯಾರಿಗೆ ಇಂಗ್ಲಿಷಿನ ಅನುಮಾನ ಬಂದರೂ, ಬ್ಯಾಂಕಿನವರಿರಲಿ, ಲಾಯರಿರಲಿ, ‘ವಿಮಲಾ ಮೇಡಂನ ಕೇಳಿ’ ಅನ್ನುತ್ತಿದ್ದರು. ಫ್ರಾಂಕ್ಲಿ, ಆ ಒಂದು ಮಾತಿನ ಮೇಲೆ ನಾನು ಹದಿನೈದಿಪ್ಪತ್ತು ವರ್ಷ ಬದುಕಿದೆ.

ಶಾಹಿದಾ ಬಂದದ್ದು ತೊಂಬತ್ತರ ದಶಕದ ನಡುವಿನಲ್ಲಿ. ಬಸ್ ಸ್ಟ್ಯಾಂಡಿನ ಹತ್ತಿರ ಅವರಪ್ಪನ ಟೈಲರ್ ಅಂಗಡಿ. ನಮ್ಮ ಶಾಲೆಯ ಅರ್ಧ ಯೂನಿಫಾರ್ಮ್ ಅಲ್ಲೇ ಹೊಲಿಸುತ್ತಿದ್ದದ್ದು. ಕನ್ನಡ ಮೀಡಿಯಮ್ಮಿನಲ್ಲಿ ಓದಿ, ಇಲ್ಲೇ ಬಿ.ಎ. ಮಾಡಿ, ತುಮಕೂರಿನಲ್ಲಿ ಬಿ.ಎಡ್. ಮುಗಿಸಿ ಬಂದ ಹುಡುಗಿ. ಸೀರೆಯ ಸೆರಗನ್ನು ತಲೆಯ ಮೇಲೆ ಹೊದ್ದು, ಆ ಸೆರಗು ಜಾರಿದಾಗಲೆಲ್ಲ ಮಾತಿನ ನಡುವೆಯೇ ಎಳೆದುಕೊಳ್ಳುವ ಹುಡುಗಿ. ವೆಡ್ನೆಸ್‌ಡೇ ಅನ್ನುವಾಗ ನುಡಿಯಬಾರದ ಮೊದಲ ‘ಡ್’ ಅನ್ನು ಒತ್ತಿ ಹೇಳುತ್ತಿದ್ದಳು. ಮೊದಲ ದಿನ ಅದನ್ನು ಕೇಳಿ ನನಗೆ ಎಷ್ಟು ನೆಮ್ಮದಿಯಾಯಿತು ಅಂದರೆ, ಸಂಜೆ ಬಸ್ಸಿನಲ್ಲಿ ನಿಂತೇ ಹೊನ್ನವಳ್ಳಿವರೆಗೆ ಬಂದರೂ ಕಾಲು ನೋಯಲಿಲ್ಲ.

ಆ ನೆಮ್ಮದಿ ಹೆಚ್ಚು ದಿನ ಇರಲಿಲ್ಲ. ಮಕ್ಕಳು ನನ್ನನ್ನು ‘ಮೇಡಂ’ ಅನ್ನುತ್ತಿದ್ದರು, ಅವಳನ್ನು ‘ನಮ್ ಮಿಸ್ಸು’ ಅನ್ನುತ್ತಿದ್ದರು. ಆ ‘ನಮ್’ ಇದೆಯಲ್ಲ, ಅದೇ ನನಗೆ ಚುಚ್ಚಿದ್ದು. ಬೆಲ್ ಹೊಡೆದ ಮೇಲೂ ಅವಳ ಕ್ಲಾಸು ಬಾಗಿಲಿಂದಾಚೆ ಬರುತ್ತಿರಲಿಲ್ಲ. ನನ್ನ ಕ್ಲಾಸು ಬೆಲ್ಲಿನ ಮೊದಲ ಏಟಿಗೇ ಪುಸ್ತಕ ಮುಚ್ಚುತ್ತಿತ್ತು. ಅವಳು ತಪ್ಪು ಇಂಗ್ಲಿಷ್ ಮಾತಾಡುತ್ತಾಳೆ, ಕ್ಲಾಸಿನಲ್ಲಿ ಅರ್ಧಕ್ಕರ್ಧ ಕನ್ನಡ ಬೆರೆಸುತ್ತಾಳೆ ಅಂತ ಹೆಡ್‌ಮಾಸ್ಟರ್ ನಂಜಪ್ಪನವರಿಗೆ ಒಂದು ಸಲ ಹೇಳಿಯೂ ಹೇಳಿದೆ. ಅವರಿಗೆ ಬರುತ್ತಿದ್ದ ಇಂಗ್ಲಿಷ್ ಅಂದರೆ ಸರ್ಕಾರಿ ಕಾಗದದ ಇಂಗ್ಲಿಷ್. ‘ಮೇಡಂ, ನೋಟೆಡ್. ವಿಲ್ ಡು ದಿ ನೀಡ್‌ಫುಲ್’ ಅಂದರು. ಏನೂ ಮಾಡಲಿಲ್ಲ.

ಅಂಥ ಹೊತ್ತಿನಲ್ಲಿ ನಮ್ಮಿಬ್ಬರ ನಡುವೆ ಒಂದು ಸೀಟು ಬಂದು ಕೂತಿತು. ಹೊಸ ಪುಸ್ತಕಗಳು ಬರುತ್ತಿದ್ದವು, ಹೊಸ ವಿಧಾನ. ಗ್ರಾಮರ್ ಮೊದಲಲ್ಲ, ಮಾತು ಮೊದಲು ಅಂತ. ಅದಕ್ಕಾಗಿ ಆಯ್ದ ಶಾಲೆಗಳಿಂದ ಒಬ್ಬೊಬ್ಬ ಇಂಗ್ಲಿಷ್ ಟೀಚರನ್ನು ಬೆಂಗಳೂರಿಗೆ ತರಬೇತಿಗೆ ಕಳಿಸುತ್ತಾರೆ ಅನ್ನುವ ಸುದ್ದಿ. ಮೂರು ತಿಂಗಳು, ಹಾಸ್ಟೆಲ್ಲು, ಲೈಬ್ರರಿ. ನಮ್ಮ ಶಾಲೆಗೆ ಒಂದೇ ಸೀಟು. ವಿಷಯ ಪರಿವೀಕ್ಷಕರು ಬಂದು ಇಬ್ಬರ ಪಾಠವನ್ನೂ ನೋಡಿ ಒಬ್ಬರನ್ನು ಆರಿಸುತ್ತಾರೆ. ನಲವತ್ತೈದು ದಾಟಿದವರನ್ನು ತೆಗೆದುಕೊಳ್ಳುವುದಿಲ್ಲ. ನನಗೆ ಅದೇ ಕೊನೆಯ ವರ್ಷ.

ಆ ಸೀಟು ನನಗೆ ಏನಾಗಿತ್ತು ಅಂತ ಹೇಗೆ ಹೇಳಲಿ? ಮದುವೆಯಾದ ಮೇಲೆ ಬೆಂಗಳೂರಿಗೆ ಹೋಗಿದ್ದರೆ ಮದುವೆಗೋ ತಿಥಿಗೋ ಅಷ್ಟೆ. ಮೂರು ತಿಂಗಳು ಯಾರಿಗೂ ಕಾಫಿ ಬೆರೆಸದೆ, ಬೆಳಿಗ್ಗೆಯಿಂದ ಸಂಜೆಯವರೆಗೆ ಇಂಗ್ಲಿಷ್ ಬಲ್ಲವರ ನಡುವೆ ಕೂತು ಇಂಗ್ಲಿಷ್ ಮಾತಾಡುವುದು! ನಾನು ಮನಸ್ಸಿನಲ್ಲೇ ಹಾಸ್ಟೆಲ್ ರೂಮಿನ ಕಿಟಕಿಗೆ ಪರದೆ ಹಾಕಿ ಆಗಿತ್ತು. ಬಸ್ಸಿನ ಕಂಡಕ್ಟರಿಗೂ ಹೇಳಿದ್ದೆ, ‘ಇನ್ನು ಮೂರು ತಿಂಗಳು ನನ್ನ ಸೀಟು ಖಾಲಿ ಕಣಪ್ಪ’ ಅಂತ.

ಈಗ ‘ಕುಷಿ’ಯ ವಿಷಯಕ್ಕೆ ಬರುತ್ತೇನೆ. ನಮ್ಮ ಪಿ.ಟಿ. ಮೇಷ್ಟ್ರು ಗಂಗಾಧರಪ್ಪನವರು ಒಂದು ದಿನ ಸ್ಟಾಫ್ ರೂಮಿನಲ್ಲಿ ಇಂಗ್ಲಿಷ್ ಪೇಪರ್ ಹಿಡಿದು ಕೂತಿದ್ದರು. ಆಟದ ಪುಟಕ್ಕಾಗಿ ತೆಗೆದವರು ಇನ್ಯಾವುದೋ ಪುಟದಲ್ಲಿ ಸಿಕ್ಕಿಹಾಕಿಕೊಂಡಿದ್ದರು.

‘ಮೇಡಂ, ಇದ್ಯಾವುದ್ರೀ ಇದು? ಸಿ ಯು ಎಸ್ ಎಚ್ ವೈ. ಮೇಷ್ಟ್ರ ಕೆಲಸ ಅದಂತೆ. ಹೊಗಳವ್ರೋ ಬೈದವ್ರೋ?’

‘ಕುಷಿ,’ ಅಂದೆ. ‘ಸ್ಲ್ಯಾಂಗ್ ಅದು, ಬೀದಿ ಮಾತು. ಮೈ ಬಗ್ಗಿಸದೆ ಆರಾಮಾಗಿ ಕೂತು ಸಂಬಳ ತಗೊಳ್ಳೋ ಕೆಲಸಕ್ಕೆ ಕುಷಿ ಜಾಬ್ ಅಂತಾರೆ.’

‘ಹಂಗಾದ್ರೆ ನಮ್ಮನ್ನಲ್ಲ ಬುಡಿ. ಇವ್ನು ತಾಲ್ಲೂಕಾಫೀಸು ನೋಡಿ ಬರ್ದವ್ನೆ.’

ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಮೂಲೆಯಲ್ಲಿ ಶಾಹಿದಾ ನೋಟ್ಸ್ ತಿದ್ದುತ್ತಾ ಕೂತಿದ್ದಳು. ನನಗೆ ಗೊತ್ತಿರುವುದು ಎಷ್ಟು ಅಂತ ಅವಳಿಗೂ ಗೊತ್ತಾಗಲಿ ಅನ್ನಿಸಿತು, ಮಾತು ಮುಂದುವರಿಸಿದೆ. ಆ ಪದವನ್ನು ನನಗೆ ಹೇಳಿದವರು ನಮ್ಮ ಕಾನ್ವೆಂಟಿನ ಸಿಸ್ಟರ್ ಬ್ರಿಜಿಡ್, ಐರ್ಲೆಂಡಿನವರು. ನಾವು ಹುಡುಗಿಯರು ಹೋಂವರ್ಕಿಗೆ ಗೊಣಗಿದಾಗ ‘ಡು ಯು ವಾಂಟ್ ಎ ಕುಷಿ ಲೈಫ್?’ ಅಂತ ಗದರುತ್ತಿದ್ದರು. ಎಲ್ಲರೂ ಇದು ‘ಕುಶನ್’ನಿಂದ, ಮೆತ್ತೆಯಿಂದ ಬಂದದ್ದು ಅಂದುಕೊಳ್ಳುತ್ತಾರೆ. ಮೆತ್ತೆಯ ನೆರಳು ಆಮೇಲೆ ಬಿದ್ದಿರಬಹುದು. ಆದರೆ ಬೇರು ಅಲ್ಲಿಲ್ಲ, ನಮ್ಮ ದೇಶದಲ್ಲೇ ಇದೆ. ಇಲ್ಲಿಗೆ ಬಂದ ಬ್ರಿಟಿಷ್ ಸಿಪಾಯಿಗಳು ಹಿಂದೂಸ್ತಾನಿಯ ‘ಖುಷ್’, ‘ಖುಷಿ’ಯನ್ನು ಬಾಯಿಗೆ ಹಾಕಿಕೊಂಡು ತಮ್ಮ ಊರಿಗೆ ಒಯ್ದರು. ಅದು ಅದಕ್ಕೂ ಮುಂಚೆ ಪರ್ಷಿಯನ್ ಭಾಷೆಯಿಂದ ಬಂದದ್ದು. ಮೊದಲ ಮಹಾಯುದ್ಧದ ಕಂದಕಗಳಲ್ಲಿ ಎಲ್ಲರ ಬಾಯಲ್ಲೂ ಅದೇ. ಜೀವ ಹೋಗದ, ಆದರೆ ಮನೆಗೆ ಕಳಿಸುವಷ್ಟು ದೊಡ್ಡ ಗಾಯವಾದರೆ ‘ಕುಷಿ ಒನ್’ ಅನ್ನುತ್ತಿದ್ದರಂತೆ. ಅದೃಷ್ಟವಂತ, ಮನೆಗೆ ಹೋಗುತ್ತಾನೆ ಅಂತ.

ಶಾಹಿದಾ ಪೆನ್ನು ಕೆಳಗಿಟ್ಟಳು. ‘ಅಲ್ಲಾ! ಖುಷೀನಾ ಮೇಡಂ? ನಮ್ಮ ಖುಷೀನಾ? ಅಮ್ಮಿ ದಿನಾ ಅಂತಾರಲ್ಲ, ಅದಾ?’

‘ಅದೇ.’

‘ಅದು ಲಂಡನ್ನಿಗೆ ಹೋಗಿ ಪ್ಯಾಂಟು ಹಾಕ್ಕೊಂಡು ವಾಪಸ್ ಬಂದೈತೆ ಅನ್ನಿ!’

ಗಂಗಾಧರಪ್ಪನವರು ಟೀ ಲೋಟ ಅಲ್ಲಾಡುವ ಹಾಗೆ ನಕ್ಕರು. ನಾನು ಹತ್ತು ನಿಮಿಷ ಹೇಳಿದ್ದಕ್ಕೆ ಯಾರೂ ನಗಲಿಲ್ಲ. ಅವಳ ಒಂದು ಮಾತಿಗೆ ಅಷ್ಟು ನಗು. ನನಗೆ ಅಲ್ಲೇ ಬುದ್ಧಿ ಬರಬೇಕಿತ್ತು.

ಮಾರನೇ ದಿನ ನನ್ನ ಕ್ಲಾಸಿನಲ್ಲಿ ಆ ಪದವನ್ನು ಹೇಳಿಕೊಟ್ಟೆ. ಬೋರ್ಡಿನ ಮೇಲೆ ಚಂದವಾಗಿ ಬರೆದೆ: ಪದ, ಅರ್ಥ, ಮೂಲ, ಎರಡು ವಾಕ್ಯ. ಹುಡುಗಿಯರು ಬರೆದುಕೊಂಡರು. ನಲವತ್ತು ಪೆನ್ನುಗಳ ಕರಕರ ಬಿಟ್ಟರೆ ಬೇರೆ ಸದ್ದಿಲ್ಲ. ‘ಎನಿ ಡೌಟ್ಸ್?’ ಅಂದೆ. ಇರಲಿಲ್ಲ. ಕ್ಲಾಸು ಚೆನ್ನಾಗಿ ಹೋಯಿತು ಅಂತಲೇ ಅಂದುಕೊಂಡೆ.

ಎರಡು ದಿನದ ಮೇಲೆ ಹಲಗೆಯಾಚೆಯಿಂದ ಅವಳ ದನಿ ಬಂತು. ‘ಒಬ್ಬ ಸೋಲ್ಜರ್, ಕಣ್ರೇ. ಟಾಮಿ ಅಂತ ಇಟ್ಕೊಳ್ಳಿ. ವೆರಿ ವೆರಿ ರೆಡ್ ಫೇಸ್. ಮೇ ತಿಂಗಳು. ವುಲ್ಲನ್ ಕೋಟು. ವಾಟ್ ವಿಲ್ ಹ್ಯಾಪನ್?’

‘ಬೇಯ್ತಾನೆ ಮಿಸ್!’

‘ಇನ್ ಇಂಗ್ಲಿಷ್!’

‘ಹೀ ವಿಲ್ ಬಾಯ್ಲ್ ಮಿಸ್!’

ನಗು. ಆಮೇಲೆ ಆ ಟಾಮಿ ಬೇವಿನ ಮರದ ನೆರಳಿಗೆ ಬಂದ, ಅಲ್ಲಿ ನಮ್ಮ ಸಿಪಾಯಿಯೊಬ್ಬ ಬೂಟು ಬಿಚ್ಚಿ ಕಾಲು ಚಾಚಿ ಮಲಗಿದ್ದ. ‘ವಾಟ್ ಈಸ್ ದಿಸ್?’ ಅಂತ ಟಾಮಿ ಕೇಳಿದ, ‘ಖುಷಿ’ ಅಂತ ಸಿಪಾಯಿ ಕಣ್ಣು ತೆರೆಯದೆ ಹೇಳಿದ. ಹೀಗೇ ಆಯಿತು ಅಂತ ಯಾವ ನಿಘಂಟಿನಲ್ಲೂ ಇಲ್ಲ. ಎಲ್ಲ ಅವಳೇ ಕಟ್ಟಿದ್ದು. ಆದರೆ ನನ್ನ ಪದ. ನನ್ನ ಸಿಸ್ಟರ್ ಬ್ರಿಜಿಡ್ ನನಗೆ ಕೊಟ್ಟ ಪದ, ನನ್ನ ಬೋರ್ಡಿನ ಮೇಲೆ ಸತ್ತು ಮಲಗಿತ್ತು, ಅವಳ ಬಾಯಲ್ಲಿ ಎದ್ದು ಕುಣಿಯುತ್ತಿತ್ತು. ನನ್ನ ಮೊದಲ ಬೆಂಚಿನ ಹುಡುಗಿಯೊಬ್ಬಳು ಬಾಯಿಗೆ ಸೆರಗಿನ ಹಾಗೆ ನೋಟ್‌ಬುಕ್ ಅಡ್ಡ ಹಿಡಿದಿದ್ದಳು. ಭುಜ ಕುಲುಕುತ್ತಿತ್ತು. ಹೊಟ್ಟೆಕಿಚ್ಚು ಅನ್ನುವ ಮಾತು ಮಾಡಿದವರು ಯಾರೋ, ಸರಿಯಾಗಿಯೇ ಮಾಡಿದ್ದಾರೆ. ಅದು ತಲೆಯಲ್ಲಲ್ಲ, ಹೊಟ್ಟೆಯಲ್ಲೇ ಉರಿಯುತ್ತದೆ.

ಪರಿವೀಕ್ಷಕರು ಬರುವ ವಾರ ನಾನು ತಯಾರಿ ನಡೆಸಿದೆ. ಆಗಿನ ಪದ್ಧತಿ ಹೇಗಿತ್ತು ಅಂತ ಈಗಿನವರಿಗೆ ಗೊತ್ತಿರಲಿ. ಯಾವ ಶಾಲೆಯಲ್ಲೂ ಪರಿವೀಕ್ಷಕರ ಮುಂದೆ ಹೊಸ ಪಾಠ ಮಾಡುತ್ತಿರಲಿಲ್ಲ. ಮೊದಲೇ ಮಾಡಿ ಮುಗಿಸಿದ ಪಾಠವನ್ನೇ ರಿಹರ್ಸಲ್ ಮಾಡಿಸುತ್ತಿದ್ದೆವು. ಪ್ರಶ್ನೆ ಕೇಳಿದಾಗ ಎಲ್ಲರೂ ಕೈ ಎತ್ತಬೇಕು. ಉತ್ತರ ಗೊತ್ತಿದ್ದವರು ಬಲಗೈ, ಗೊತ್ತಿಲ್ಲದವರು ಎಡಗೈ. ಬಲಗೈ ನೋಡಿ ನಾವು ಎಬ್ಬಿಸುವುದು. ಇದನ್ನು ಮೋಸ ಅಂತ ಯಾರೂ ಅಂದುಕೊಂಡಿರಲಿಲ್ಲ. ಮನೆಗೆ ಬೀಗರು ಬಂದರೆ ಹಾಸುಗಂಬಳಿ ಬದಲಾಯಿಸುವುದಿಲ್ಲವೆ, ಹಾಗೆ. ನಾನು ಒಂದು ಹೆಜ್ಜೆ ಮುಂದೆ ಹೋದೆ. ಎಡಗೈಯ ತಂಟೆಯೇ ಬೇಡ ಅಂತ ಪ್ರಶ್ನೆಗಳನ್ನು ಸಾಲಾಗಿ ಇಟ್ಟು, ಯಾವ ಹುಡುಗಿಯ ಸರದಿ ಎಷ್ಟನೆಯದು ಅಂತ ಗೊತ್ತುಮಾಡಿದೆ. ಉಚ್ಚಾರಣೆ ತಿದ್ದಿದೆ. ‘ಸ್ಟಾರ್ಮ್’ ಅನ್ನುವ ಒಂದು ಪದಕ್ಕೇ ಅರ್ಧ ಸಂಜೆ ಹೋಯಿತು. ಮೂರನೇ ರಿಹರ್ಸಲ್ಲಿಗೆ ಮಾಲೆ ಪೋಣಿಸಿದ ಹಾಗೆ ಬರುತ್ತಿತ್ತು.

ಶಾಹಿದಾನ ಕೇಳಿದೆ, ‘ನಿಮ್ಮದು ರಿಹರ್ಸಲ್ ಆಯ್ತಾ?’

‘ಇಲ್ಲ ಮೇಡಂ. ಎರಡನೇ ಸಲಕ್ಕೆ ನನಗೇ ಬೋರಾಗಿ ಆಕಳಿಕೆ ಬಂದ್ಬಿಡುತ್ತೆ.’

ಒಳಗೊಳಗೇ ಸಂತೋಷಪಟ್ಟೆ.

ಪಾಠ ಇದ್ದದ್ದು ಸಮುದ್ರದ ನಡುವಿನ ದೀಪಸ್ತಂಭ ಕಾಯುವ ಒಬ್ಬ ಮುದುಕನ ಬಗ್ಗೆ. ಪರಿವೀಕ್ಷಕರು ಬಂದರು. ತೆಳ್ಳಗಿನ ಮನುಷ್ಯ, ಕರ್ಚೀಫಿನಲ್ಲಿ ಕನ್ನಡಕ ಒರೆಸುತ್ತಲೇ ಇರುತ್ತಿದ್ದರು. ಸೀನಿಯರ್ ಅಂತ ಮೊದಲು ನನ್ನ ಕ್ಲಾಸಿಗೆ ಬಂದು ಹೆಡ್‌ಮಾಸ್ಟರ ಜೊತೆ ಹಿಂದಿನ ಬೆಂಚಿನಲ್ಲಿ ಕೂತರು. ಓದಿದೆ, ಅರ್ಥ ಹೇಳಿದೆ. ನನ್ನ ಇಂಗ್ಲಿಷ್ ಕೇಳಿ ಅವರು ತಲೆದೂಗಿದ್ದನ್ನು ನೋಡಿದೆ. ಪ್ರಶ್ನೆ ಶುರುವಾಯಿತು. ಮೊದಲನೆಯದು ಸರಿ, ಎರಡನೆಯದು ಸರಿ. ಅಷ್ಟರಲ್ಲಿ ಅವರು ಎದ್ದು, ‘ಎಕ್ಸ್‌ಕ್ಯೂಸ್ ಮಿ ಮೇಡಂ, ನಾನೇ ಒಂದೆರಡು ಕೇಳ್ತೀನಿ’ ಅಂದರು. ನನ್ನ ಮೂರನೇ ಪ್ರಶ್ನೆ, ‘ಕಿಟಕಿ ಒಡೆದದ್ದು ಯಾವುದು?’ ಅದನ್ನು ಬಿಟ್ಟು ಅವರು ನೇರ ಮುಂದಿನದಕ್ಕೆ ಹೋದರು. ‘ಮುದುಕ ರಾತ್ರಿ ಊಟಕ್ಕೆ ಏನು ತಿನ್ನುತ್ತಿದ್ದ?’

ಮೂರನೆಯ ಸರದಿಯ ಹುಡುಗಿ ಎದ್ದು, ನಾನು ತಿದ್ದಿದ ಉಚ್ಚಾರಣೆಯಲ್ಲಿ, ಸ್ಪಷ್ಟವಾಗಿ ಹೇಳಿದಳು: ‘ದಿ ಸ್ಟಾರ್ಮ್, ಸರ್.’

ಪರಿವೀಕ್ಷಕರು ಕನ್ನಡಕ ತೆಗೆದರು. ‘ಅವನ ಜೊತೆಗೆ ಯಾರಿದ್ದರು?’

ನಾಲ್ಕನೆಯವಳು: ‘ಬ್ರೆಡ್ ಅಂಡ್ ಡ್ರೈ ಫಿಶ್, ಸರ್.’

‘ಸಂಜೆಯಾದ ಕೂಡಲೇ ಅವನು ಏನನ್ನು ಹಚ್ಚುತ್ತಿದ್ದ?’

ಐದನೆಯವಳು: ‘ಹಿಸ್ ಓಲ್ಡ್ ಡಾಗ್, ಸರ್.’

ಹೆಡ್‌ಮಾಸ್ಟರು ಸೂರು ನೋಡುತ್ತಿದ್ದರು. ನಾನು ಏನಾದರೂ ಮಾಡಿ ಸಾಲನ್ನು ತಡೆಯಬೇಕು ಅಂತ ಬಾಯಿ ತೆರೆಯುವಷ್ಟರಲ್ಲಿ ಆರನೆಯವಳು ಪಾಪ, ಪ್ರಶ್ನೆಯೇ ಇಲ್ಲದೆ ಎದ್ದು ‘ದಿ ಲ್ಯಾಂಪ್, ಸರ್’ ಅಂದು ಕೂತಳು. ಪರಿವೀಕ್ಷಕರು ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು. ‘ವೆರಿ ಗುಡ್ ಪ್ರನನ್ಸಿಯೇಷನ್,’ ಅಂದರು.

ಅವತ್ತಿನ ಮಟ್ಟಿಗೆ ಬಿ ಸೆಕ್ಷನ್ನಿನ ಇಂಗ್ಲಿಷನ್ನು ಮುಂದಿನ ಪೀರಿಯಡ್ಡಿಗೆ ಹಾಕಿದ್ದರು. ‘ನೀವೂ ಬಂದು ಕೂತ್ಕೊಳ್ಳಿ ಮೇಡಂ’ ಅಂತ ಹೆಡ್‌ಮಾಸ್ಟರು ಕರೆದರು. ಹೋಗದಿದ್ದರೆ ಮುಖ ಮರೆಸಿದ ಹಾಗೆ. ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ಅವತ್ತೇ ಮೊದಲು ನಾನು ಹಲಗೆಯ ಆ ಪಕ್ಕದಿಂದ ಅವಳ ಪಾಠ ನೋಡಿದ್ದು.

ಶಾಹಿದಾ ಪುಸ್ತಕವನ್ನೇ ತೆರೆಯಲಿಲ್ಲ. ಸೆರಗು ಎಳೆದುಕೊಂಡು ಕೇಳಿದಳು, ‘ಲೈಟ್‌ಹೌಸ್ ಮುದುಕಪ್ಪಂದು ಕುಷಿ ಜಾಬಾ, ಅಲ್ವಾ? ಟೆಲ್ ಮಿ ವೈ.’

ಅರ್ಧ ಕ್ಲಾಸು ‘ಯೆಸ್’, ಅರ್ಧ ‘ನೋ’. ದೀಪ ಹಚ್ಚಿ ಸುಮ್ಮನೆ ಕೂರೋದು, ಅದೇನು ಕೆಲಸ ಅಂತ ಒಬ್ಬಳು. ಮಾತಿಗೆ ಜನ ಇಲ್ಲ ಮಿಸ್, ಹುಚ್ಚು ಹಿಡಿಯುತ್ತೆ ಅಂತ ಇನ್ನೊಬ್ಬಳು. ಅಲ್ಲಿಂದ ಮಾತು ತಿಪಟೂರಿಗೆ ಬಂತು. ಈ ಊರಿನಲ್ಲಿ ಯಾರದು ಕುಷಿ ಜಾಬ್? ಕೊಬ್ಬರಿ ಮಂಡಿ ಸಾಹುಕಾರರದು, ದಿಂಬಿಗೆ ಒರಗಿ ಕೂತಿರ್ತಾರೆ. ಮರ ಹತ್ತಿ ಕಾಯಿ ಕೀಳೋರದು ನಾಟ್ ಕುಷಿ. ಹಾರೆಗೆ ಚುಚ್ಚಿ ಕಾಯಿ ಸುಲಿಯೋರದು ವೆರಿ ವೆರಿ ನಾಟ್ ಕುಷಿ. ಇಂಗ್ಲಿಷ್ ಕುಂಟುತ್ತಿತ್ತು, ನಿಂತು ನಿಂತು ಕನ್ನಡದ ಗೋಡೆ ಹಿಡಿದುಕೊಳ್ಳುತ್ತಿತ್ತು. ಆದರೆ ನಡೆಯುತ್ತಿತ್ತು. ಹೊನ್ನವಳ್ಳಿಯ ಒಂದು ಹುಡುಗಿ, ನಮ್ಮ ಬಸ್ಸಿನಲ್ಲೇ ಬರುವವಳು, ನನ್ನ ಮುಂದೆ ಒಂದು ದಿನವೂ ಬಾಯಿ ಬಿಡದವಳು, ಎದ್ದು ನಿಂತು ಹೇಳಿದಳು: ‘ಸರ್, ಅವರ್ ಅಟ್ಟ. ಆನ್ ದಿ ಅಟ್ಟ ಕೋಕನಟ್ ಈಸ್ ಸ್ಲೀಪಿಂಗ್. ಒನ್ ಇಯರ್ ನೋ ವರ್ಕ್. ಕೋಕನಟ್ ಹ್ಯಾಸ್ ಕುಷಿ ಜಾಬ್ ಸರ್.’

‘ಲೇ, ಅದು ಒಣಗ್ತಾ ಇರ್ತದೆ ಕಣೇ!’ ಅಂದಳು ಪಕ್ಕದವಳು. ‘ಸರ್, ಇಟ್ ಈಸ್ ಡ್ರೈಯಿಂಗ್ ಸರ್. ಡ್ರೈಯಿಂಗ್ ಈಸ್ ಹಾರ್ಡ್ ವರ್ಕ್.’

ಕ್ಲಾಸೇ ಬಿದ್ದು ನಕ್ಕಿತು. ಪರಿವೀಕ್ಷಕರು ಬೆಂಚಿನಿಂದ ಎದ್ದು ಮುಂದೆ ಹೋಗಿದ್ದರು. ‘ಈಸ್ ಮೈನ್ ಎ ಕುಷಿ ಜಾಬ್?’ ಅಂತ ತಾವೇ ಕೇಳಿದರು.

‘ಯೆಸ್ ಸರ್!’ ಅಂತು ನಲವತ್ತು ಕೊರಳು. ಹೆಡ್‌ಮಾಸ್ಟರಿಗೆ ಕೆಮ್ಮು ಬಂತು. ಪರಿವೀಕ್ಷಕರು ಕರ್ಚೀಫಿನಿಂದ ಕನ್ನಡಕವಲ್ಲ, ಕಣ್ಣು ಒರೆಸಿಕೊಂಡರು.

ಕೊನೆಯಲ್ಲಿ ಶಾಹಿದಾ ನನ್ನ ಕಡೆ ಕೈ ತೋರಿಸಿ ಹೇಳಿದಳು. ‘ಸರ್, ಈ ಪದ ನನ್ನದಲ್ಲ. ಇದರ ಅರ್ಥ, ಇದು ಎಲ್ಲಿಂದ ಬಂತು, ಎಲ್ಲ ಹೇಳಿಕೊಟ್ಟಿದ್ದು ನಮ್ಮ ವಿಮಲಾ ಮೇಡಂ. ನಂಗೆ ಗೊತ್ತೇ ಇರ್ಲಿಲ್ಲ.’

‘ಓ, ಗುಡ್ ಗುಡ್,’ ಅಂದರು ಅವರು. ನನ್ನ ಕಡೆ ತಿರುಗಿ ನೋಡಲಿಲ್ಲ. ಆ ತೆಂಗಿನಕಾಯಿಯ ಹುಡುಗಿಯ ಹೆಸರು ಕೇಳುತ್ತಿದ್ದರು.

ಹೆಸರು ಹೇಳದೆ ನುಂಗಿದ್ದರೆ ನನಗೆ ಎಷ್ಟು ಅನುಕೂಲವಾಗುತ್ತಿತ್ತು! ಕದ್ದಳು ಅನ್ನಬಹುದಿತ್ತು, ಸ್ಟಾಫ್ ರೂಮಿನಲ್ಲಿ ಮುಖ ಊದಿಸಿಕೊಂಡು ಕೂರಬಹುದಿತ್ತು. ಅವಳು ಅದಕ್ಕೂ ದಾರಿ ಬಿಡಲಿಲ್ಲ. ಒಳ್ಳೆಯವರ ಮೇಲಿನ ಹೊಟ್ಟೆಕಿಚ್ಚಿನಷ್ಟು ಕಷ್ಟ ಇನ್ನೊಂದಿಲ್ಲ. ಯಾರ ಹತ್ತಿರವೂ ಹೇಳಿಕೊಳ್ಳುವ ಹಾಗಿಲ್ಲ.

ವಾರದ ಮೇಲೆ ನಂಜಪ್ಪನವರು ನನ್ನನ್ನು ರೂಮಿಗೆ ಕರೆದು ಕೂರಿಸಿದರು. ಟೇಬಲ್ಲಿನ ಮೇಲಿನ ಪೇಪರ್‌ವೆಯ್ಟ್ ತಿರುಗಿಸುತ್ತಾ, ‘ಮೇಡಂ, ಡೋಂಟ್ ಮಿಸ್ಟೇಕ್ ಮಿ. ಮೇಲಿಂದ ಆರ್ಡರು. ಶಾಹಿದಾ ಅವರ ಹೆಸರು ಬಂದಿದೆ,’ ಅಂದರು.

‘ಐ ಆಮ್ ಸೋ ಹ್ಯಾಪಿ ಫಾರ್ ಹರ್,’ ಅಂದೆ. ಒಂದು ಉಚ್ಚಾರಣೆಯೂ ತಪ್ಪಲಿಲ್ಲ.

ಆ ಭಾನುವಾರ ಮಧ್ಯಾಹ್ನ ಅತ್ತೆ ಜಗುಲಿಯಿಂದ ಕೂಗಿದರು. ‘ವಿಮ್ಲಾ, ಯಾರೋ ಸಾಯಬ್ರ ಹುಡ್ಗಿ ಬಂದವ್ಳೆ ಕಣವ್ವ. ನಿಮ್ ಸ್ಕೂಲಂತೆ.’

ಶಾಹಿದಾ ಬಸ್ಸಿನಲ್ಲಿ ಬಂದಿದ್ದಳು. ಬಿಸಿಲಿಗೆ ಮುಖ ಕೆಂಪಾಗಿತ್ತು. ಅತ್ತೆ ಅವಳಿಗೆ ಎಳನೀರು ಕೆತ್ತಿಸಿ ಕೊಟ್ಟು, ‘ಬಿಸ್ಲಲ್ ಯಾಕ್ ಬಂದೆ ಮಗ?’ ಅಂದರು. ಶಾಹಿದಾ ಅರ್ಧ ಕುಡಿದು ಕೆಳಗಿಟ್ಟಳು.

‘ಮೇಡಂ, ನೀವು ಬೆಂಗಳೂರಿಗೆ ಹೋಗಿ. ನಾನು ಹೆಡ್‌ಮಾಸ್ಟರ್ ಹತ್ರ ಮಾತಾಡ್ದೆ. ನಾನು ಆಗಲ್ಲ ಅಂತ ಬರ್ಕೊಟ್ರೆ ಎರಡನೇ ಹೆಸರು ನಿಮ್ದೇ ಅಂತೆ. ನಂಗಿನ್ನೂ ಎಷ್ಟೋ ವರ್ಷ ಐತೆ, ಮುಂದಿನ ಸಲ ಹೋಗ್ತೀನಿ. ನಿಮಗೆ ಇದೇ ಲಾಸ್ಟಲ್ವಾ.’

ಅವಳ ಮುಖದಲ್ಲಿ ಉಪಕಾರದ ಹಮ್ಮು ಒಂದಿಷ್ಟೂ ಇರಲಿಲ್ಲ. ನಾನು ಹುಡುಕಿದೆ. ಸಿಕ್ಕಿದ್ದರೆ ಬೇಡ ಅನ್ನುವುದು ಸುಲಭವಾಗುತ್ತಿತ್ತು. ಹಾಸ್ಟೆಲ್ ರೂಮು, ಕಿಟಕಿಯ ಪರದೆ, ಲೈಬ್ರರಿಯ ವಾಸನೆ ಎಲ್ಲ ಆ ಜಗುಲಿಯ ಮೇಲೆ, ನನ್ನ ಕೈಗೆ ಎಟುಕುವ ಹಾಗೆ ಬಂದು ನಿಂತಿತ್ತು. ‘ಹೂಂ’ ಅಂದರೆ ಸಾಕು. ಆದರೆ ಅವಳು ಕೊಟ್ಟದ್ದನ್ನು ತೆಗೆದುಕೊಂಡು ಹೋದರೆ, ಅಲ್ಲಿ ಕೂತಲ್ಲಿ ನಿಂತಲ್ಲಿ ಅದು ಅವಳ ಕುರ್ಚಿಯೇ ಆಗಿರುತ್ತಿತ್ತು.

‘ನೋ ಶಾಹಿದಾ. ಇಟ್ ಈಸ್ ವೆರಿ ಸ್ವೀಟ್ ಆಫ್ ಯು. ಬಟ್ ಯು ಹ್ಯಾವ್ ಅರ್ನ್ಡ್ ಇಟ್, ಅಂಡ್ ಯು ಮಸ್ಟ್ ಗೋ.’

ಅವಳು ಇನ್ನೊಂದು ಸಲ ಕೇಳಿದಳು. ನಾನು ಇನ್ನೂ ಒಳ್ಳೆಯ ಇಂಗ್ಲಿಷಿನಲ್ಲಿ ಇನ್ನೊಂದು ಸಲ ಬೇಡ ಅಂದೆ. ಅವಳು ಹೋದ ಮೇಲೆ ಅತ್ತೆ ಕೇಳಿದರು.

‘ಏನಂದೆ ಆ ಮಗೀಗೆ ಇಂಗ್ಲಿಷ್ನಾಗೆ?’

‘ಬೇಡ ಅಂದೆ ಅತ್ತೆ.’

‘ಬ್ಯಾಡ ಅನ್ನಾಕೆ ಅಷ್ಟುದ್ದ ಬೇಕೇನವ್ವ?’ ಅಂದರು. ಆಮೇಲೆ ಎಳನೀರಿನ ಬುರುಡೆ ಎತ್ತಿಕೊಂಡು ಹೋಗುತ್ತಾ, ‘ಬೇಕು ಅನ್ನೋ ಮೊಕ ಮಡಿಕ್ಕೊಂಡು ಬ್ಯಾಡ ಅಂತಾಳೆ. ಓದ್ದೋರ ಕತೆ ನಂಗರ್ಥ ಆಗಕಿಲ್ಲ ಬುಡು,’ ಅಂದರು.

ಶಾಹಿದಾ ಬೆಂಗಳೂರಿಗೆ ಹೋದಳು. ಆ ಮೂರು ತಿಂಗಳು ಪೀರಿಯಡ್ ಬದಲಾಯಿಸಿ ಬಿ ಸೆಕ್ಷನ್ನನ್ನೂ ನನ್ನ ತಲೆಗೆ ಹಾಕಿದರು. ದಿನಾ ಬಾಗಿಲಲ್ಲಿ ಒಂದೇ ಪ್ರಶ್ನೆ, ‘ನಮ್ ಮಿಸ್ ಯಾವಾಗ ಬರ್ತಾರೆ ಮೇಡಂ?’ ಒಂದು ದಿನ ನಾನೂ ಪುಸ್ತಕ ಮುಚ್ಚಿಟ್ಟೆ. ಟೇಬಲ್ಲಿನ ಅಂಚಿಗೆ ಒರಗಿ, ನನ್ನ ಕಾನ್ವೆಂಟಿನ ಒಂದು ತಮಾಷೆಯ ಪ್ರಸಂಗವನ್ನು ಕೈ ಬಾಯಿ ಆಡಿಸಿ ಹೇಳಿದೆ. ಸಿಸ್ಟರ್ ಬ್ರಿಜಿಡ್ ನಡೆಯುವ ಹಾಗೆ ನಡೆದೂ ತೋರಿಸಿದೆ. ಮುಗಿಸಿ ಮಕ್ಕಳ ಮುಖ ನೋಡಿದೆ. ಎರಡನೇ ಬೆಂಚಿನಿಂದ ಒಂದು ಕೈ ಮೇಲೆದ್ದಿತು.

‘ಮೇಡಂ, ಇದನ್ನ ನೋಟ್ಸ್‌ನಲ್ಲಿ ಬರ್ಕೋಬೇಕಾ?’

ಶಾಹಿದಾ ವಾಪಸಾದಾಗ ಟೇಪ್ ರೆಕಾರ್ಡರ್ ತಂದಳು, ಚಿತ್ರದ ಕಾರ್ಡುಗಳನ್ನು ತಂದಳು. ಬೆಂಚುಗಳನ್ನು ಎದುರುಬದುರು ಹಾಕಿಸಿದಳು. ತುರುವೇಕೆರೆ, ಚಿಕ್ಕನಾಯಕನಹಳ್ಳಿ ಅಂತ ಕರೆದಲ್ಲೆಲ್ಲ ಹೋಗಿ ಟೀಚರುಗಳಿಗೆ ಹೇಳಿಕೊಟ್ಟಳು. ಅಂಥ ಒಂದು ತರಬೇತಿಯಲ್ಲಿ ನಾನೂ ಕೂತಿದ್ದೆ, ಕಡೆಯ ಸಾಲಿನಲ್ಲಿ. ‘ವೆಡ್ನೆಸ್‌ಡೇ’ಯ ‘ಡ್’ ಇನ್ನೂ ಹಾಗೇ ಇತ್ತು. ಯಾರಿಗೂ ಅದರ ಗೊಡವೆ ಇರಲಿಲ್ಲ. ಕ್ರಮೇಣ ನಾನೂ ನನ್ನ ರೂಲು ಸಡಿಲಿಸಿದೆ. ಮಕ್ಕಳು ಇಂಗ್ಲಿಷಿನಲ್ಲಿ ತಡವರಿಸಿ ಕನ್ನಡಕ್ಕೆ ಹೊರಳಿದರೆ ಬಿಡುತ್ತಿದ್ದೆ. ಅದರಿಂದ ಒಳ್ಳೆಯದೇ ಆಯಿತು, ರಿಸಲ್ಟೂ ಏರಿತು. ಆದರೂ ಬದಲಾದದ್ದು ಅವಳಿಂದ ಅನ್ನುವುದನ್ನು ನುಂಗಲು ನನಗೆ ಆಗಲೇ ಇಲ್ಲ. ಇದನ್ನು ಓದುವ ಹುಡುಗಿಯರೇ, ನಿಮ್ಮ ಪಕ್ಕದ ಕ್ಲಾಸಿಗೂ ಒಬ್ಬಳು ಬಂದೇ ಬರುತ್ತಾಳೆ. ಅವಳಿಂದ ಕಲಿಯಿರಿ ಅಂತ ಎಲ್ಲರೂ ಹೇಳುತ್ತಾರೆ. ಕಲಿಯಬಹುದು, ನಾನು ಕಲಿತೆ. ಕಲಿತ ಮೇಲೆ ಉರಿ ಕಡಿಮೆಯಾಗುತ್ತೆ ಅಂತ ಮಾತ್ರ ಕಾಯಬೇಡಿ.

ಕೆಲವು ವರ್ಷದ ಮೇಲೆ ಮದುವೆಯಾಗಿ ಅವಳು ಹುಬ್ಬಳ್ಳಿ ಕಡೆ ಹೋದಳು. ಹೋಗುವ ದಿನ ಮಕ್ಕಳು ಗೇಟಿನವರೆಗೆ ಅತ್ತುಕೊಂಡು ಹೋದರು. ನಾನು ರಿಟೈರಾದ ದಿನ ಮಕ್ಕಳು ಸಾಲಾಗಿ ಬಂದು ನಮಸ್ಕಾರ ಮಾಡಿದರು, ಸಾಲು ಚೂರೂ ಕೆಡಲಿಲ್ಲ.

ಅವಳನ್ನು ನಾನು ಕೊನೆಯದಾಗಿ ನೋಡಿದ್ದು ತಿಪಟೂರು ರೈಲ್ವೆ ಸ್ಟೇಷನ್ನಿನಲ್ಲಿ, ರಿಟೈರಾದ ಮಾರನೇ ವರ್ಷ. ತಂಗಿಯನ್ನು ಹತ್ತಿಸಲು ಬಂದಿದ್ದೆ. ಹುಬ್ಬಳ್ಳಿ ಕಡೆಯ ಗಾಡಿ ಬಂದು ನಿಂತಿತು, ತಂಗಿ ಹತ್ತಿ ಒಳಗೆ ಹೋದಳು. ಎರಡು ಕಿಟಕಿ ಆಚೆ ಯಾರೋ ‘ಮೇಡಂ! ವಿಮಲಾ ಮೇಡಂ!’ ಅಂದರು. ಶಾಹಿದಾ. ಸ್ವಲ್ಪ ದಪ್ಪಗಾಗಿದ್ದಳು, ಕನ್ನಡಕ ಬಂದಿತ್ತು. ತವರಿಗೆ ಬಂದು ವಾಪಸ್ ಹೊರಟಿದ್ದಳಂತೆ. ಕಿಟಕಿಯ ಸರಳಿನಿಂದ ಕೈ ಹೊರಗೆ ಚಾಚಿ ನನ್ನ ಕೈ ಹಿಡಿದುಕೊಂಡಳು.

‘ನೀವು ರಿಟೈರ್ ಆಗಿದ್ದು ನಂಗ್ಯಾರೂ ಹೇಳ್ಲೇ ಇಲ್ಲ ಮೇಡಂ. ಬಂದೇ ಬರ್ತಿದ್ದೆ. ಈಗ ಅಬ್ಬಾ ಹೇಳಿದ್ರು.’

‘ಹೇಗಿದೀರಿ?’ ಅಂದೆ.

ಅಷ್ಟರಲ್ಲಿ ಹಿಂದಿನಿಂದ ಒಬ್ಬಳು ‘ಮಿಸ್!’ ಅಂತ ಓಡಿ ಬಂದಳು. ಸೀರೆ ಉಟ್ಟ, ಹೆಗಲಿಗೆ ದಪ್ಪ ಬ್ಯಾಗ್ ಹಾಕಿಕೊಂಡ ಹೆಂಗಸು. ಗುರುತು ಹತ್ತಲು ಒಂದು ಕ್ಷಣ ಬೇಕಾಯಿತು. ರೂಪ. ನನ್ನ ಎ ಸೆಕ್ಷನ್ನಿನವಳು. ಮೂರು ವರ್ಷವೂ ನನ್ನ ಹತ್ತಿರವೇ ಓದಿದವಳು, ಶಾಹಿದಾ ಅವಳಿಗೆ ಒಂದು ದಿನವೂ ಪಾಠ ಮಾಡಿದವಳಲ್ಲ. ಚಿಕ್ಕನಾಯಕನಹಳ್ಳಿ ಹತ್ತಿರ ಯಾವುದೋ ಶಾಲೆಯಲ್ಲಿ ಈಗ ಇಂಗ್ಲಿಷ್ ಟೀಚರಂತೆ. ನನಗೆ ‘ನಮಸ್ತೆ ಮೇಡಂ’ ಅಂದು ಕಿಟಕಿಗೆ ತಿರುಗಿದಳು.

‘ಮಿಸ್, ಹಲಗೆ ಹಿಂದಿಂದ ನಿಮ್ ಕ್ಲಾಸೇ ಕೇಳ್ತಿದ್ದೋಳು ಮಿಸ್ ನಾನು. ಈಗ್ಲೂ ನನ್ ಕ್ಲಾಸಲ್ಲಿ ನಿಮ್ ಥರಾನೇ...’

ಗಾಡಿ ಅಲುಗಿತು. ‘ಮಿಸ್, ನಂಬರ್, ನಂಬರ್!’ ಅಂತ ಕೂಗಿ ರೂಪ ಬ್ಯಾಗನ್ನು ಹೆಗಲಿಂದ ಇಳಿಸಿ ನನ್ನ ಕೈಗೆ ಕೊಟ್ಟಳು. ಪೆನ್ನು ಹಲ್ಲಿನಿಂದ ತೆರೆದು, ಅಂಗೈ ಮೇಲೆ ಬರೆಯುತ್ತಾ ಕಿಟಕಿಯ ಜೊತೆಗೇ ಓಡಿದಳು. ಶಾಹಿದಾ ಸರಳಿಗೆ ಮುಖ ಒತ್ತಿ ಒಂದೊಂದೇ ಅಂಕಿ ಕೂಗಿ ಹೇಳುತ್ತಿದ್ದಳು, ನಡುವೆ ಒಂದು ಸಲ ನನ್ನ ಕಡೆ ನೋಡಿ ಕೈ ಬೀಸಿದಳು. ನನ್ನ ಎರಡೂ ಕೈಯಲ್ಲಿ ಬ್ಯಾಗ್ ಇತ್ತು.

ಪ್ಲಾಟ್‌ಫಾರಂ ಮುಗಿಯುವ ಕಡೆ ರೂಪ ನಿಂತಳು. ಏದುಸಿರು ಬಿಡುತ್ತಾ ವಾಪಸ್ ಬಂದು ಅಂಗೈ ನೋಡಿಕೊಂಡಳು. ‘ಮೇಡಂ, ಕೊನೇದು ಒಂದೇ ಒಂದು ಬಿಟ್ಟೋಯ್ತು. ನಿಮಗೇನಾದ್ರೂ ಕೇಳಿಸ್ತಾ?’

ಕೇಳಿಸಿತ್ತು, ಆ ದನಿಯನ್ನು ದೂರದಿಂದಲೇ ಕೇಳಿ ಅಭ್ಯಾಸವಾದ ಕಿವಿ ನನ್ನದು. ‘ಏಳು’ ಅಂದೆ.

ಬರೆದುಕೊಂಡಳು. ‘ಥ್ಯಾಂಕ್ಸ್ ಮೇಡಂ’ ಅಂದು ಬ್ಯಾಗ್ ಈಸಿಕೊಂಡು, ಅಂಗೈಯ ಮಸಿ ಆರಲೆಂದು ಊದಿಕೊಳ್ಳುತ್ತಾ ಬಸ್ ಸ್ಟ್ಯಾಂಡಿನ ಕಡೆ ಹೋದಳು. ನನ್ನ ನಂಬರು ಕೇಳಲಿಲ್ಲ.